ಮಗುಚಿಟ್ಟ ಮೊಟ್ಟೆಗಳು

ಅರಸೀಕೆರೆಯ ನಮ್ಮ ಪಕ್ಕದ ಮನೆಯಾಕೆ ಹಾರನಹಳ್ಳಿಯಲ್ಲಿ ಕೋಳಿ ಸಾಕಿ ಬೆಳೆದವರು. ಏನು ಕೇಳಿದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನಂಗೇನು ಹೊಸದಾ?" ಅನ್ನುತ್ತಿದ್ದರು.

ನಮ್ಮ ಯಜಮಾನರು ತೀರಿಕೊಂಡಾಗ ಅವರು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದ ವಿದೇಶಿ ಹಲ್ಲಿ ಇಟ್ಟ ಎರಡು ಮೊಟ್ಟೆಗಳು ಥರ್ಮಾಕೋಲ್ ಡಬ್ಬಿಯಲ್ಲಿ, ಬಲ್ಬಿನ ಕಾವಿನಲ್ಲಿದ್ದವು. ಅವು ಮರಿಯಾಗಲೇಬೇಕು ಅನ್ನುವುದೊಂದೇ ಆಗ ನನ್ನ ಹಟ. ನಾನು ಕೆಲಸಕ್ಕೆ ಹೋದಾಗ ಆಕೆಯೇ ಕಾವು ನೋಡಿಕೊಳ್ಳುತ್ತಿದ್ದರು.

ಒಂದು ಸಂಜೆ ಬಂದು ನೋಡಿದರೆ, ಮೊಟ್ಟೆಗಳ ಮೇಲ್ಭಾಗಕ್ಕೆ ಯಜಮಾನರು ಪೆನ್ಸಿಲ್‌ನಲ್ಲಿಟ್ಟಿದ್ದ ಚುಕ್ಕೆಗಳು ಕಾಣಲಿಲ್ಲ.

"ಈಗ್ತಾನೆ ಮಗುಚಿಟ್ಟೆ ಕಣವ್ವ. ಕೋಳಿ ಮಗುಚಲ್ವಾ?"

"ಅಯ್ಯೋ ಅಕ್ಕ, ಹಲ್ಲಿ ಮೊಟ್ಟೆ ಮಗುಚಿದ್ರೆ ಒಳಗಿನ ಮರಿ ಸಾಯುತ್ತೆ!"

ಆಕೆಯ ಮುಖ ಬಿಳಿಚಿಕೊಂಡಿತು. ಇಬ್ಬರೂ ಉಸಿರು ಹಿಡಿದು ಚುಕ್ಕೆಗಳನ್ನು ಮತ್ತೆ ಮೇಲೆ ಮಾಡಿಟ್ಟೆವು. ಅಂದಿನಿಂದ ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡೇ ಡಬ್ಬಿಯೊಳಗೆ ಬಗ್ಗಿ ನೋಡುತ್ತಿದ್ದರು.

ಒಂದು ಮೊಟ್ಟೆ ಕುಗ್ಗಿಹೋಯಿತು. ಇನ್ನೊಂದನ್ನು ಸೀಳಿಕೊಂಡು ಒಂದು ಬೆಳಗ್ಗೆ ಪಟ್ಟೆಪಟ್ಟೆ ಮರಿಯೊಂದು ತಲೆ ಹೊರಹಾಕಿತು. ಆಕೆ ಓಡಿಹೋಗಿ ಮುಷ್ಟಿ ತುಂಬ ಅಕ್ಕಿನುಚ್ಚು ತಂದರು.

"ಅದು ಹುಳ ತಿನ್ನೋದು, ಅಕ್ಕ."

"ಹುಳಕ್ಕೇನು ಬರ? ನಮ್ಮ ತಿಪ್ಪೇಲಿ ಬೇಕಾದಷ್ಟೈತೆ."

ಹೊರಟವರು ಬಾಗಿಲಲ್ಲಿ ನಿಂತು, ನನ್ನ ಕಡೆ ಗದ್ದ ತೋರಿಸಿ ಮರಿಗೆ ಹೇಳಿದರು: "ತಡಿ ಮಗ, ಬತ್ತೀನಿ. ಅಲ್ಲೀಗಂಟ ನಿಮ್ಮವ್ವನ ಜೊತೇಲಿರು."