ಕಣ್ಣು ಮುಚ್ಚಿ ತೆರೆಯುವ ಡಬ್ಬಿ

ಕೊಟ್ಟೂರಿನ ಜಂಬುನಾಥನಿಗೆ ಕಂಪ್ಯೂಟರ್ ರಿಪೇರಿ ಬರುತ್ತದೆಂದು ಐದು ಊರಿನ ಜನ ನಂಬಿದ್ದರು. ಅವನೊಬ್ಬ ಮಾತ್ರ ಇನ್ನೂ ಪೂರ್ತಿ ನಂಬಿರಲಿಲ್ಲ.

ಕಲಿತದ್ದು ಮೂರು ತಿಂಗಳ ಕೋರ್ಸು. ಅದರಲ್ಲಿ ಒಂದು ತಿಂಗಳು ಕರೆಂಟೇ ಇರಲಿಲ್ಲ. ಆಮೇಲೆ ಶಿವಯೋಗಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ ಸಂಬಳಕ್ಕೆ ಸೇರಿದ. ಕೂಡ್ಲಿಗಿಯೋ ಹಡಗಲಿಯೋ, ಹರಪನಹಳ್ಳಿಯೋ ಹಗರಿಬೊಮ್ಮನಹಳ್ಳಿಯೋ, ಎಲ್ಲಿಂದ ಫೋನ್ ಬಂದರೂ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುವುದು ಅವನ ಉದ್ಯೋಗ. ಅರ್ಧ ರಿಪೇರಿಗಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಮುಗಿಯುತ್ತಿದ್ದವು. ಉಳಿದರ್ಧಕ್ಕೆ ಗಂಭೀರವಾಗಿ, "ಮ್ಯಾಲಿಂದ ಪ್ರಾಬ್ಲಮ್ ಐತ್ರಿ" ಎನ್ನುತ್ತಿದ್ದ. ಮೇಲೆ ಅಂದರೆ ಎಲ್ಲಿ ಎಂದು ಯಾರೂ ಕೇಳಿದ್ದಿಲ್ಲ. ಒಮ್ಮೆ ತಾರಸಿ ನೋಡಿ ಸುಮ್ಮನಾಗುತ್ತಿದ್ದರು.

ಈ ವಿದ್ಯೆಗೆ ಬಗ್ಗದಿದ್ದದ್ದು ಒಂದೇ ಜಾಗ, ಕೂಡ್ಲಿಗಿಯ ನಾಗೇಂದ್ರಪ್ಪನವರ ಲಾರಿ ಬುಕಿಂಗ್ ಆಫೀಸು. ಎರಡು ಸಾವಿರದ ಏಳನೇ ಇಸವಿಯಲ್ಲಿ, ಸಂಕ್ರಾಂತಿ ಮುಗಿದ ವಾರ, ಅಲ್ಲಿ ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಇವಕ್ಕೆಲ್ಲ ನಡುವೆ ರೂಟರೆಂಬ ಅಂಗೈಯಗಲದ ಡಬ್ಬಿ ಜೋಡಿಸಿ ಬಂದವನು ಜಂಬುನಾಥನೇ. ಆ ಡಬ್ಬಿಯ ಕೆಲಸ ಎರಡು. ಬೆಳಿಗ್ಗೆ ಕಂಪ್ಯೂಟರು ಹಚ್ಚಿದಾಗ ಒಂದೊಂದಕ್ಕೂ ನಂಬರಿನ ಚೀಟಿ ಹಂಚುವುದು, ಅದು ಡಿಎಚ್‌ಸಿಪಿ. ಇಂಟರ್ನೆಟ್ಟಿನಲ್ಲಿ ಹೆಸರು ಹೇಳಿದರೆ ಮನೆ ಎಲ್ಲಿದೆ ಎಂದು ತೋರಿಸುವುದು, ಅದು ಡಿಎನ್ಎಸ್. ತಿಂಗಳಿಗೊಮ್ಮೆ ಡಬ್ಬಿ ಈ ಎರಡನ್ನೂ ಮರೆಯುತ್ತಿತ್ತು. ಬೇರೆ ಯಾವುದೋ ಸಾಲಿನ ನಂಬರು ಹಂಚಿ ಪ್ರಿಂಟರನ್ನು ಪರದೇಶಿ ಮಾಡುತ್ತಿತ್ತು. ಯಾವ ಹೆಸರು ಹೇಳಿದರೂ ಗೊತ್ತಿಲ್ಲ ಎನ್ನುತ್ತಿತ್ತು. ಇಂಟರ್ನೆಟ್ಟಿನ ಪಾಸ್‌ವರ್ಡಂತೂ ಹುಟ್ಟಿನಿಂದಲೇ ಕೇಳಿಲ್ಲವೆಂಬಂತೆ ಕೂರುತ್ತಿತ್ತು.

ಜಂಬುನಾಥ ಬಂದು ಎಲ್ಲ ಮತ್ತೆ ಟೈಪು ಮಾಡಿ ಹೋಗುತ್ತಿದ್ದ. ಯಾಕೆ ಮರೆಯಿತು ಎಂಬುದಕ್ಕೆ ಮೊದಲ ಸಲ ಕರೆಂಟನ್ನು ಬೈದ. ಎರಡನೇ ಸಲ ವೈರು ಬದಲಿಸಿದ. ಮೂರನೇ ಸಲ ಡಬ್ಬಿಯನ್ನೇ ಬದಲಿಸಿದ. ನಾಲ್ಕನೇ ಸಲ ಹೊಸ ಡಬ್ಬಿಯೂ ಮರೆತಾಗ, "ಮ್ಯಾಲಿಂದ" ಎಂದು ಬಾಯಿ ತೆರೆದ. ನಾಗೇಂದ್ರಪ್ಪ ತಾರಸಿ ನೋಡಲಿಲ್ಲ, ಅವನ ಮುಖ ನೋಡಿದರು.

ಅಂಗಡಿಗೆ ಮರಳಿದಾಗ ಶಿವಯೋಗಪ್ಪ ಕಾಯುತ್ತಿದ್ದರು.

"ಇನ್ನೊಂದು ಸಲ ಆ ಲಾರಿ ಆಫೀಸಿನಿಂದ ಫೋನ್ ಬಂತು ಅಂದ್ರ, ನೀನು ಕೂಡ್ಲಿಗಿಗೆ ಹೋಗಾದು ಬ್ಯಾಡ."

"ಮತ್ತೆ ಯಾರನ್ನ ಕಳಿಸ್ತೀರಿ ಸಾವ್ಕಾರ್ರ?"

"ಅದನ್ನ ನಾ ನೋಡ್ಕೊಂತೀನಿ. ನೀ ಬ್ಯಾರೆ ಕೆಲಸ ನೋಡ್ಕೋ."

ಹೆದರಿದ ಜಂಬುನಾಥ ಮರುದಿನವೇ ಕೂಡ್ಲಿಗಿಗೆ ಫೋನ್ ಮಾಡಿ, ಡಬ್ಬಿ ಕೆಟ್ಟ ತಾರೀಖುಗಳನ್ನು ಬುಕಿಂಗ್ ಬರೆಯುವ ಪುಷ್ಪಲತಾಳ ಹತ್ತಿರ ಕೇಳಿದ. ಆಕೆ ಗೋಡೆಯ ಕ್ಯಾಲೆಂಡರ್ ನೋಡಿ ನಕ್ಕಳು.

"ನಿಮಗ ತಾರೀಖು ಯಾಕ್ ಬೇಕ್ರಿ ಜಂಬಣ್ಣ? ಕರಿ ಚುಕ್ಕಿ ಮಗ್ಗಲ್ದಾಗ ನೀವು ಇರ್ತೀರಿ. ಅಮಾಸಿ ಮರುದಿನ ತಪ್ಪಂಗಿಲ್ಲ."

ಮೂರು ತಿಂಗಳ ಕೋರ್ಸಿನಲ್ಲಿ ಚಂದ್ರನ ಪಾಠ ಇರಲಿಲ್ಲ. ಆದರೂ ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ, ಫೋನ್ ಬರುವ ಮೊದಲೇ, ಜಂಬುನಾಥ ಕೂಡ್ಲಿಗಿಯ ಬಸ್ಸು ಹತ್ತಿದ.

ಆಫೀಸಿನಲ್ಲಿ ಎಂದಿನ ಅಮಾವಾಸ್ಯೆ ಪೂಜೆಯ ತಯಾರಿ ನಡೆದಿತ್ತು. ಕಸ ಗುಡಿಸಿ ಚಹಾ ಮಾಡುವ ಹಂಪಮ್ಮನೇ ಅದರ ಯಜಮಾನಿ. ಬಾಗಿಲಲ್ಲಿ ತೊಳೆದ ಲಾರಿ ನಿಂತಿತ್ತು. ಡ್ರೈವರುಗಳು ಒಳಗೆ ಬಂದು ಕೈಕಟ್ಟಿ ನಿಂತಿದ್ದರು. ಹಂಪಮ್ಮ ನಾಲ್ಕೂ ಕಂಪ್ಯೂಟರಿಗೆ ಮೂರೆಳೆ ವಿಭೂತಿ ಬಳಿದಳು, ಪ್ರಿಂಟರಿಗೆ ಕುಂಕುಮ ಇಟ್ಟಳು. ಕೊನೆಗೆ ರೂಟರಿನ ಮುಂದೆ ಕಾಯಿ ಒಡೆದು, ಒಂದು ಊದಿನಕಡ್ಡಿ ಹಚ್ಚಿ, ಅದರ ಹಿಂಬದಿಯ ಪುಟ್ಟ ತೂತಿನಲ್ಲಿ ಅಲುಗಾಡದಂತೆ ಒತ್ತಿ ಸಿಕ್ಕಿಸಿದಳು.

ಎಲ್ಲರೂ ಉಸಿರು ಹಿಡಿದರು. ಒಂದು, ಎರಡು, ಮೂರು. ಹತ್ತು ಎಣಿಸುವಷ್ಟರಲ್ಲಿ ಡಬ್ಬಿಯ ಹಸಿರು ದೀಪಗಳು ಒಟ್ಟಿಗೆ ಆರಿದವು. ಕೂಡಲೇ ಹಂಪಮ್ಮ ಕಡ್ಡಿ ಕಿತ್ತು ತಟ್ಟೆಯಲ್ಲಿಟ್ಟಳು. ದೀಪಗಳು ಒಂದೊಂದಾಗಿ ಮತ್ತೆ ಹತ್ತಿದವು.

"ಕಣ್ಣು ಮುಚ್ಚಿ ತಗೀತು ನೋಡ್ರಿ! ಒಪ್ಪಿಕೊಂತು!" ಎಂದರು ನಾಗೇಂದ್ರಪ್ಪ. ಡ್ರೈವರುಗಳು ಗಲ್ಲ ಬಡಿದುಕೊಂಡರು.

ಆ ತೂತಿನೊಳಗೊಂದು ಗುಂಡಿ ಇರುತ್ತದೆ. ಹತ್ತು ಸೆಕೆಂಡು ಒತ್ತಿದರೆ ಡಬ್ಬಿ ಫ್ಯಾಕ್ಟರಿಯಿಂದ ಬಂದ ದಿನದಂತಾಗಿ, ಹೇಳಿಕೊಟ್ಟದ್ದನ್ನೆಲ್ಲ ಮರೆಯುತ್ತದೆ. ಇದು ಜಂಬುನಾಥನಿಗೆ ಗೊತ್ತಿತ್ತು. ಒತ್ತಬೇಕಾದರೆ ಸೂಜಿ ಬೇಕು, ಕೆಟ್ಟ ಬುದ್ಧಿ ಬೇಕು ಎಂದುಕೊಂಡಿದ್ದ. ಭಕ್ತಿಯಿಂದಲೂ ಒತ್ತಬಹುದೆಂದು ಹೊಳೆದಿರಲಿಲ್ಲ.

"ಯಮ್ಮಾ! ಅದರಾಗ ಕಡ್ಡಿ ಚುಚ್ಚಬಾರದು! ಅದಕ್ಕ ಎಲ್ಲಾ ಕೆಡಕತ್ತೈತಿ! ಯಾರು ಹೇಳಿದ್ರು ನಿಮಗ?"

ಹಂಪಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ನೀನ ಹೇಳಿದ್ಯಲ್ಲೋ ಯಪ್ಪಾ. ಡಬ್ಬಿ ತಂದ ದಿನ, ಈ ತೂತು ಊದಿನಕಡ್ಡಿಗೇನು ಅಂತ ಕೇಳಿದ್ನಿ. ಹೂನಮ್ಮ, ಪೂಜಿಗೆ ಅಂತಾನ ಕಂಪನಿಯವ್ರು ಬಿಟ್ಟಾರ ಅಂದಿ."

ಜಂಬುನಾಥನಿಗೆ ನೆನಪಾಯಿತು. ಆ ದಿನ ಪುಷ್ಪಲತಾ ಎದುರಿಗೆ ಕೂತಿದ್ದಳು. ಅವಳು ನಗಲೆಂದೇ ಆ ಮಾತು ಆಡಿದ್ದ. ಅವಳು ನಕ್ಕೂ ಇರಲಿಲ್ಲ. ಈಗ ನಕ್ಕಳು.

ಮುದುಕಿಗೆ ಮರೆವು ಎಂದು ತಳ್ಳಿಹಾಕಿದರೆ ಅವನ ಕೆಲಸ ಉಳಿಯುತ್ತಿತ್ತು. ಬಾಯಿ ತೆರೆದ. ಹಂಪಮ್ಮ ಒಡೆದ ಕಾಯಿಯ ಹೋಳೊಂದನ್ನು ಅವನಿಗೇ ಎಂದು ಚಾಚಿ ನಿಂತಿದ್ದಳು.

"ಹೌದ್ರಿ. ನಾನ ಹೇಳಿದ್ದು," ಎಂದ.

ನಾಗೇಂದ್ರಪ್ಪ ಫೋನ್ ಎತ್ತಿ ಕೊಟ್ಟೂರಿಗೆ ಹಚ್ಚಿದರು. ಜಂಬುನಾಥ ಬ್ಯಾಗಿನ ಜಿಪ್ಪು ಎಳೆದುಕೊಂಡ. ಇನ್ನೇನೂ ಉಳಿದಿರಲಿಲ್ಲ.

"ಶಿವಯೋಗಪ್ಪ, ನಿಮ್ಮ ಹುಡುಗ ಡಬ್ಬಿ ರೋಗ ಕಂಡು ಹಿಡದಾನಪ. ಪೂಜಿ ಕಡ್ಡಿಯಿಂದ ಹಂಗಾಗ್ತತಂತ... ಇಲ್ಲ ಇಲ್ಲ, ಅದನ್ನ ನಿಲ್ಲಸಾಕ ಬರಂಗಿಲ್ಲ. ಡಬ್ಬಿ ಕಣ್ಣು ತಗಿಯಾತನಕ ಡ್ರೈವರ್ ಒಬ್ಬನೂ ಗಾಡಿ ಹತ್ತಂಗಿಲ್ಲ. ಐದು ತಿಂಗಳಾತು, ಒಂದು ಟೈರ್ ಪಂಚರ್ ಸೈತ ಆಗಿಲ್ಲ. ಅದಕ್ಕ ಅಮಾಸಿಗೊಮ್ಮೆ ಈ ಹುಡುಗನ್ನ ಕಳಿಸಿಬಿಡ್ರಿ. ಅದು ಮರೀಲಿ, ಇವ ನೆನಪು ಮಾಡ್ಲಿ. ಬ್ಯಾರೆಯವ್ರು ಬ್ಯಾಡ. ಜಳಕ ಮಾಡಿ ಬರಾಕ ಹೇಳ್ರಿ."

ಪ್ಲಗ್ಗು ಕಿತ್ತು ಮತ್ತೆ ಹಾಕಿದರೂ ಡಬ್ಬಿ ಹಾಗೆಯೇ ಕಣ್ಣು ಮುಚ್ಚಿ ತೆರೆಯುತ್ತದೆ, ಏನನ್ನೂ ಮರೆಯುವುದಿಲ್ಲ. ಈ ಮಾತು ಜಂಬುನಾಥನ ನಾಲಿಗೆಯ ತುದಿಗೆ ಬಂದಿತು. ಕಾಯಿಹೋಳು ಕಚ್ಚಿಕೊಂಡು ಅದನ್ನೂ ನುಂಗಿದ.

ಅಂದಿನಿಂದ ಅಮಾವಾಸ್ಯೆಗೆ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಧರಿಸಿ ಅವನು ಕೂಡ್ಲಿಗಿಗೆ ಹೋಗುತ್ತಾನೆ. ಡಬ್ಬಿ ಒಪ್ಪಿಕೊಂಡ ಮೇಲೆ ಕುರ್ಚಿ ಎಳೆದು ಕೂತು ಎಲ್ಲವನ್ನೂ ಟೈಪು ಮಾಡುತ್ತಾನೆ. ಅವನ ಸ್ಕ್ರೂಡ್ರೈವರಿಗೂ ಕುಂಕುಮ ಬೀಳುತ್ತದೆ. ಲಾರಿ ಡ್ರೈವರುಗಳು ಸುದ್ದಿಯನ್ನು ಹೋದಲ್ಲೆಲ್ಲ ಇಳಿಸಿ ಬಂದಿದ್ದಾರೆ. ಹಡಗಲಿಯ ಎಣ್ಣೆ ಮಿಲ್ಲಿನವರೂ ಹರಪನಹಳ್ಳಿಯ ಬೀಜದ ಅಂಗಡಿಯವರೂ ತಮ್ಮ ಡಬ್ಬಿಯೂ ಕಣ್ಣು ತೆಗೆಯಬೇಕೆಂದು ಶಿವಯೋಗಪ್ಪನವರ ಬೆನ್ನು ಹತ್ತಿದ್ದಾರೆ. ಕೆಲಸ ಹೋಗುವ ಭಯ ಈಗ ಜಂಬುನಾಥನಿಗಿಲ್ಲ. ಇರುವ ಚಿಂತೆ ಒಂದೇ: ಅಷ್ಟೂ ಊರುಗಳಿಗೆ ಅಮಾವಾಸ್ಯೆ ಒಂದೇ ದಿನ ಬರುತ್ತದೆ.