ಹಾಳುಬಾವಿಯ ಸಿಹಿಜಾಲಿ

ಮಾಗನೂರಿನಿಂದ ಕೃಷ್ಣಾ ನದಿಯ ಕಡೆಗೆ ಹೋಗುವ ಹಾದಿಯಲ್ಲಿ, ಹೊಲಗಳು ಮುಗಿದು ಜಾಲಿಯ ಕುರುಚಲು ಶುರುವಾಗುವ ಕಡೆ, ಬುಗ್ಗಮ್ಮ ನಲವತ್ತು ವರ್ಷದಿಂದ ಆಡು ಮೇಯಿಸುತ್ತಿದ್ದಳು. ಅಷ್ಟು ವರ್ಷ ಒಂದೇ ಕುರುಚಲಿನಲ್ಲಿ ತಿರುಗಿದವಳಿಗೆ ಗೊತ್ತಿಲ್ಲದ ಗಿಡ ಅಲ್ಲಿರಲಿಲ್ಲ. ಆದರೆ ಅವಳ ಮಾತನ್ನು ಕೊನೆಯವರೆಗೆ ಕೇಳಿದವರೂ ಇರಲಿಲ್ಲ. ಗಂಡ ಎಂಕಪ್ಪ ಅರ್ಧ ಮಾತಿಗೇ ಗೊರಕೆ ಹೊಡೆಯುತ್ತಿದ್ದ. ಪಕ್ಕದ ಹೊಲದ ಭೀಮಯ್ಯನಿಗೆ ಗೊತ್ತಿದ್ದುದು ಒಂದೇ ಪ್ರಶ್ನೆ, ಅದಕ್ಕೂ ಅವನಿಗೆ ಉತ್ತರ ಬೇಕಿರಲಿಲ್ಲ.

“ಬುಗ್ಗಕ್ಕಾ, ನಿನ್ನ ಚಿಗರಿ ಮತ್ತ ನನ್ನ ಹೆಸರುಬೆಳಿ ಮೇದು ಹೋದ್ವಲ್ಲ, ಏನ್ ಮಾಡ್ತಿ?”

ಚಿಗರಿ ಎಂದರೆ ಆ ಸೀಮೆಯಲ್ಲಿ ಕೃಷ್ಣಮೃಗ. ಮುಂಗಾರು ಬಿತ್ತನೆ ಮೊಳೆತ ಮೇಲೆ ಅವುಗಳ ಹಿಂಡು ಒಂದು ಬೆಳಿಗ್ಗೆ ನುಗ್ಗಿದರೆ ಸಾಕು, ಎರಡೆಲೆಯ ಪೈರು ನೆಲಸಮವಾಗುತ್ತಿತ್ತು.

“ನನ್ನ ಚಿಗರಿ ಅಂತ! ನಾನೇನು ಹಗ್ಗ ಹಾಕಿ ಸಾಕೀನೇನು?” ಎಂದು ಬುಗ್ಗಮ್ಮ ರೇಗುತ್ತಿದ್ದಳು. “ಅವು ಯಾಕ ಬರ್ತಾವ ಕೇಳು. ಬ್ಯಾಸಿಗಿಯಾಗ ಕಾಯಿ ಇರೋತನಕ ನಿನ್ನ ಹೊಲದ ಕಡೆ ತಲಿ ಎತ್ತಿ ನೋಡಂಗಿಲ್ಲ. ಕಾಯಿ ಮುಗೀತಂದ್ರ...”

ಅಷ್ಟರಲ್ಲಿ ಭೀಮಯ್ಯ ಬೆನ್ನು ತಿರುಗಿಸಿ ಹೋಗಿರುತ್ತಿದ್ದ.

ಅವಳು ಹೇಳಬೇಕೆಂದಿದ್ದ ಕಾಯಿಯ ವಿಷಯ ಸಣ್ಣದಾಗಿರಲಿಲ್ಲ. ಆ ಕುರುಚಲಿನಲ್ಲಿ ಎರಡು ಜಾತಿಯ ಜಾಲಿ. ಒಂದು ಕರಿಜಾಲಿ, ಮಣಿ ಪೋಣಿಸಿದಂಥ ಕಾಯಿ, ಬಾಯಿಗಿಟ್ಟರೆ ನಾಲಿಗೆ ಒರಟಾಗುವಷ್ಟು ಒಗರು. ಇನ್ನೊಂದು ಸರ್ಕಾರಿ ಜಾಲಿ, ಯಾವ ಕಾಲದಲ್ಲೋ ಸರ್ಕಾರದವರು ಬೀಜ ಚೆಲ್ಲಿಸಿ ಹೋದದ್ದು, ಹಳದಿ ಉದ್ದನೆಯ ಕಾಯಿ, ಬೆಲ್ಲದ ವಾಸನೆ. ಎರಡೂ ಒಟ್ಟಿಗೇ ಉದುರಿದರೆ ಚಿಗರಿ ಸಿಹಿಕಾಯಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಒಗರು ಕಾಯಿ ಕಾಲಡಿ ಬಿದ್ದಿದ್ದರೂ ಮೂಸಿ ಬಿಡುತ್ತದೆ. ಸಿಹಿ ತೀರಿದ ಮೇಲೆಯೇ, ಬಿಸಿಲಿಗೆ ಹದಿನೈದು ದಿನ ಒಣಗಿದ ಕರಿಜಾಲಿಗೆ ಬಾಯಿ ಹಾಕುವುದು. ಸರ್ಕಾರಿ ಜಾಲಿಯಲ್ಲೂ ಎಲ್ಲ ಮರ ಒಂದೇ ಅಲ್ಲ. ಹಾಳುಬಾವಿಯ ದಂಡೆಯ ಮರ ಎಲ್ಲಕ್ಕಿಂತ ಸಿಹಿ. ಏಪ್ರಿಲ್ ತಿಂಗಳಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಆ ಮರದ ಕೆಳಗೆ ಒಂದಾದರೂ ಚಿಗರಿ ಇಲ್ಲದ ದಿನವನ್ನು ಬುಗ್ಗಮ್ಮ ಕಂಡಿರಲಿಲ್ಲ. ಇದನ್ನೆಲ್ಲ ಅವಳು ಹೇಗೆ ತಿಳಿದಳೆಂದರೆ, ಪ್ರತಿಯೊಂದು ಮರದ ಕಾಯಿಯನ್ನೂ ತಾನೇ ಅಗಿದು ನೋಡಿದ್ದಳು. ಅವಳ ಆಡುಗಳಿಗೂ ಅದೇ ಕಾಯಿ ಬೇಕಿತ್ತಲ್ಲ, ಚಿಗರಿಗಿಂತ ಮೊದಲು ಅಲ್ಲಿಗೆ ಮುಟ್ಟದಿದ್ದರೆ ಆಡಿಗೆ ಉಳಿಯುತ್ತಿದ್ದುದು ಬರೀ ನೆರಳು.

ತೆಲುಗು ನಾಡಿಗೆ ಸೇರಿದ ಆ ಭಾಗ ನಾರಾಯಣಪೇಟೆ ಜಿಲ್ಲೆಯಾಗಿ ಮೂರು ವರ್ಷವಾಗಿದ್ದ ಬೇಸಿಗೆ. ಒಂದು ಮಧ್ಯಾಹ್ನ ಹಾದಿಯ ಬದಿಗೆ ಜೀಪು ನಿಲ್ಲಿಸಿ ಇಬ್ಬರು ಇಳಿದು ಬಂದರು. ಒಬ್ಬ ಸುತ್ತಲಿನ ಕುರುಚಲನ್ನೇ ನೋಡುತ್ತ ನಿಂತ. ಇನ್ನೊಬ್ಬ ತನ್ನ ಹೆಸರು ಚಂದ್ರಕಾಂತ್ ಎಂದ, ತಾನು ಕಾಡುಪ್ರಾಣಿಗಳ ಸರ್ವೆ ಮಾಡುವವನು ಎಂದ. ಕೈಯಲ್ಲಿ ನೋಟುಪುಸ್ತಕವೂ ಇತ್ತು.

“ಅವ್ವಾ, ಈ ಚಿಗರಿ ಬ್ಯಾಸಿಗಿಯಾಗ ಏನ್ ತಿಂದು ಬದುಕ್ತಾವ್ರೀ? ನಿಮಗ ಗೊತ್ತಿರಬೇಕು.”

ಬುಗ್ಗಮ್ಮ ಹೇಳಿದಳು. ಅವನು ಕೂತು ಕೇಳಿದ. ನಡುವೆ ಬಾಯಿ ಹಾಕಲಿಲ್ಲ, ಎದ್ದು ಹೋಗಲಿಲ್ಲ, ಬರೆದುಕೊಂಡ. ಸಿಹಿಕಾಯಿ ಯಾವುದು, ಒಗರು ಯಾವುದು, ಯಾವುದು ಮೊದಲು ಉದುರುತ್ತದೆ, ಯಾವ ಹೊತ್ತಿಗೆ ಹಿಂಡು ಬರುತ್ತದೆ, ಗಾಳಿ ಯಾವ ಕಡೆಯಿಂದ ಬೀಸಿದರೆ ಅವು ಬೆದರುವುದಿಲ್ಲ, ಎಲ್ಲ ಕೇಳಿದ. ಖುಷಿಯ ಭರದಲ್ಲಿ ಬುಗ್ಗಮ್ಮ ತಾನೇ ಎದ್ದು ಹಾಳುಬಾವಿಯ ತನಕ ನಡೆದು ಮರವನ್ನು ಕೈಯಿಂದ ಮುಟ್ಟಿ ತೋರಿಸಿದಳು.

“ಇದ ನೋಡ್ರಿ. ಬೆಲ್ಲ ಇದ್ದಂಗ ಐತಿ.”

ಆ ಸಂಜೆ ಮನೆಯಲ್ಲಿ ಎಂಕಪ್ಪನ ಮುಂದೆ ಅವಳ ಮುಖ ಊರಗಲವಾಗಿತ್ತು. “ನೋಟ್‌ಬುಕ್ಕಿನಾಗ ಬರಕೊಂಡ್ರು, ತಿಳೀತಾ? ನಲವತ್ತು ವರ್ಷದಾಗ ನೀ ಒಂದಿನ ಕೇಳಿದ್ದಿ?” ಎಂಕಪ್ಪ ಹೂಂ ಎಂದು ಮಗ್ಗುಲಾದ.

ನಾಲ್ಕನೆಯ ದಿನ ಬೆಳಿಗ್ಗೆ ಆಡುಗಳು ಹಾಳುಬಾವಿಯ ಹತ್ತಿರ ಬಂದು ನಿಂತುಬಿಟ್ಟವು. ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಮರದ ಕೆಳಗೆ ರಕ್ತ ಮಣ್ಣಿನಲ್ಲಿ ಕಪ್ಪಾಗಿ ಹೆಪ್ಪುಗಟ್ಟಿತ್ತು, ಏನನ್ನೋ ಎಳೆದೊಯ್ದ ಗುರುತು ಜೀಪಿನ ಚಕ್ರದ ಗುರುತಿನವರೆಗೆ ಹೋಗಿತ್ತು. ಕಾಯಿಗಳ ನಡುವೆ ಹಿತ್ತಾಳೆಯ ಖಾಲಿ ತೋಟಾ ಒಂದು ಬಿದ್ದಿತ್ತು. ಬುಗ್ಗಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ತನ್ನ ಬಾಯಿಯನ್ನೇ ಹೊಡೆದುಕೊಳ್ಳಬೇಕೆನಿಸಿತು, ಹೊಡೆದುಕೊಂಡಳು ಕೂಡ.

ಹೇಳಿದರೆ ಎಂಕಪ್ಪ, “ನೀ ಯಾಕ ತೋರಿಸಾಕ ಹೋಗಿದ್ದಿ?” ಎಂದ. ಭೀಮಯ್ಯ ಇನ್ನೂ ಸರಳವಾಗಿ ಮುಗಿಸಿದ. “ಒಂದು ಕಡಿಮಿ ಆತಲ್ಲಕ್ಕಾ. ಬರ್ಲಿ ಬಿಡು, ಇನ್ನೂ ನಾಕು ಹೊಡೀಲಿ.”

“ಹಿಂಡಿನಾಗಿನ ದೊಡ್ಡ ಗಂಡು ಕಾಣವಲ್ದು. ಗಂಡು ಚಿಗರಿ ಹೊಡದ್ರೋ ಅವರು, ಕೊಂಬಿಗೆ! ನಿನ್ನ ಹೆಸರುಬೆಳಿ ಕಾಯಾಕ ಬಂದಾರೇನು?” ಎಂದು ಕೂಗಿದರೂ ಅವನು ನಕ್ಕು ಹೋದ.

ಕೊನೆಗೆ ಬಸ್ಸು ಹತ್ತಿ ಮಕ್ತಲಕ್ಕೆ ಹೋದಳು. ಅರಣ್ಯ ಇಲಾಖೆಯ ಬೀಟ್ ಆಫೀಸರ್ ಝಾನ್ಸಿ ಅಲ್ಲಿ ಸಿಕ್ಕಳು. ಗದ್ವಾಲ ಕಡೆಯ ವಡ್ಡೆಪಲ್ಲಿಯ ಹುಡುಗಿ, ತೆಲುಗು ಬೆರೆತ ಕನ್ನಡ, ಸ್ಕೂಟಿಯ ಮೇಲೆ ಮೂರು ಮಂಡಲದ ಹಳ್ಳಿಗಳನ್ನೆಲ್ಲ ಸುತ್ತಬೇಕು ಅವಳು. ತೋಟಾವನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡಳು.

“ಅವ್ವಾ, ಬಂಡಿ ನಂಬರ್ ಚೆಪ್ಪಂಡಿ. ಜೀಪಿನ ನಂಬರ್ ಹೇಳ್ರಿ, ಸಾಕು.”

“ನನಗ ಓದಾಕ ಬರ್ತದೇನವ್ವಾ?”

“ಹೊಡೆಯೋದು ನೋಡಿದೋರು ಯಾರಾದರೂ?”

“ನೋಡಿದ್ರ ಸುಮ್ನ ಬಿಡ್ತಿದ್ನೇನು?”

ಝಾನ್ಸಿ ಹಣೆ ಉಜ್ಜಿಕೊಂಡಳು. “ಮತ್ತ ಬಂದ್ರ ಫೋನ್ ಮಾಡ್ರಿ. ನಂಬರ್ ಆದ್ರೂ ಬೇಕು, ಜನ ಆದ್ರೂ ನೋಡಿರಬೇಕು. ಇಲ್ಲಾಂದ್ರ ಕೇಸ್ ನಿಲ್ಲಂಗಿಲ್ಲ.”

ಬುಗ್ಗಮ್ಮ ಬಸ್ಸಿನಲ್ಲಿ ಹಿಂದಿರುಗುವಾಗ ಎಲ್ಲರ ಮೇಲೂ ಬೇಸರ ತುಂಬಿಕೊಂಡಿದ್ದಳು, ಹೆಚ್ಚಾಗಿ ತನ್ನ ಮೇಲೆ. ಮರುದಿನ ಬೆಳಕು ಹರಿಯುವ ಮುಂಚೆ ಉದ್ದನೆಯ ದೋಟಿ ಹಿಡಿದು ಹಾಳುಬಾವಿಗೆ ಹೋದಳು. ಕೊಂಬೆಗಳನ್ನು ಜಗ್ಗಿ ಜಗ್ಗಿ ಅಲುಗಾಡಿಸಿ ಮಾಗಿದ ಕಾಯಿಯನ್ನೆಲ್ಲ ಉದುರಿಸಿದಳು. ಮುಳ್ಳಿಗೆ ಮೊಣಕೈ ಹರಿದು ರಕ್ತ ಬಂತು. ಗೋಣಿಚೀಲಕ್ಕೆ ತುಂಬಿ, ತಲೆಯ ಮೇಲೆ ಹೊತ್ತು, ಅರ್ಧ ಮೈಲು ಆಚೆ ಹೊಳೆಯ ಬಯಲಿಗೆ ಚೆಲ್ಲಿದಳು. ಅಲ್ಲಿ ಮರೆಯಿಲ್ಲ, ಪೊದೆಯಿಲ್ಲ, ಬಂದೂಕು ಹಿಡಿದವನು ಎಲ್ಲಿ ಕೂತರೂ ಚಿಗರಿಗೆ ಕಾಣುತ್ತಾನೆ. ಐದು ದಿನ ಹೀಗೆ ಹೊತ್ತಳು. ಕತ್ತು ತಿರುಗಿಸಲು ಬಾರದಂತಾಯಿತು. ಆರನೆಯ ಬೆಳಿಗ್ಗೆ ಹಿಂಡು ಬಾವಿಯನ್ನು ಬಿಟ್ಟು ನೇರ ಬಯಲಿಗೇ ಇಳಿದದ್ದನ್ನು ಕಂಡಾಗ, “ಈಗ ತಿಳೀತೇನು ನಿಮಗ?” ಎಂದು ಅವುಗಳಿಗೂ ಒಂದು ಮಾತು ಬೈದಳು.

ಎರಡು ದಿನದ ಮೇಲೆ ಜೀಪು ಮತ್ತೆ ಬಂತು. ಈ ಸಲ ನೋಟುಪುಸ್ತಕ ಇರಲಿಲ್ಲ.

“ಏನವ್ವಾ, ಮರದ ಕೆಳಗ ಏನೂ ಇಲ್ಲ? ಬರೀ ಆಡಿನ ಹಿಕ್ಕಿ ಐತಿ,” ಎಂದ ಚಂದ್ರಕಾಂತ್. ಅವನ ದನಿಯಲ್ಲಿ ಸರ್ವೆಯವನ ವಿನಯ ಇರಲಿಲ್ಲ.

ಬುಗ್ಗಮ್ಮ ಕೈಯಲ್ಲಿದ್ದ ಕೋಲನ್ನು ಗಟ್ಟಿಯಾಗಿ ಹಿಡಿದಳು. “ಸಿಹಿಕಾಯಿ ಮುಗೀತಲ್ಲಪ್ಪ. ಅವತ್ತ ಹೇಳಿದ್ನಿಲ್ಲ? ಸಿಹಿ ಮುಗದ ಮ್ಯಾಲ ಕರಿಜಾಲಿ. ಕೆರಿ ಏರಿ ಮ್ಯಾಲ ಕರಿಜಾಲಿ ಸಾಲು ಐತಲ್ಲ, ಅಲ್ಲಿ ಹೋಗ್ರಿ. ನಸುಕಿನಾಗ ಕುಂದ್ರಬೇಕು, ಅಲುಗಾಡಬಾರದು. ಹೊತ್ತೇರಿದ ಮ್ಯಾಲ ಬರ್ತಾವ.”

ಕೆರೆಯಲ್ಲಿ ಆ ವಾರ ಸರ್ಕಾರದ ಉಪಾಧಿ ಕೂಲಿಯ, ಅಂದರೆ ಉದ್ಯೋಗ ಖಾತ್ರಿಯ, ಹೂಳೆತ್ತುವ ಕೆಲಸ ನಡೆದಿತ್ತು. ಬಿಸಿಲಿಗೆ ಹೆದರಿ ನಲವತ್ತು ಹೆಂಗಸರು ಬೆಳಿಗ್ಗೆ ಆರಕ್ಕೇ ಸಲಿಕೆ ಬುಟ್ಟಿ ಹಿಡಿದು ಏರಿಯ ಬುಡಕ್ಕೆ ಇಳಿಯುತ್ತಿದ್ದರು. ಅವರಲ್ಲಿ ಒಬ್ಬಳಾದರೂ ಜೀಪಿನ ನಂಬರ್ ಓದಿಯಾಳು ಎಂಬುದಷ್ಟೇ ಬುಗ್ಗಮ್ಮನ ಲೆಕ್ಕ. ಮನೆಗೆ ಹೋದ ಮೇಲೆ, ಜೀಪಿನವರ ಹತ್ತಿರ ಬಂದೂಕು ಇರುತ್ತದಲ್ಲ ಎಂದು ಹೊಳೆಯಿತು. ಝಾನ್ಸಿಗೆ ಫೋನ್ ಮಾಡಿಸಿದಳು. ಕೂಲಿ ಹೆಂಗಸರ ಮುಂದಾಳು ಶಿವಬಸಮ್ಮನ ಮನೆಗೂ ಓಡಿದಳು.

“ಬಂದೂಕಿನೋರು ಬಂದ್ರ ಬರ್ಲಿ. ನಮ್ಮ ಕೈಯಾಗ ನಲವತ್ತು ಸಲಿಕಿ ಅದಾವ,” ಎಂದಳು ಶಿವಬಸಮ್ಮ.

ಮರುದಿನ ನಸುಕಿನಲ್ಲೇ ಜೀಪಿನವರಿಬ್ಬರೂ ಕರಿಜಾಲಿಯ ಪೊದೆಯೊಳಗೆ ಸೇರಿಕೊಂಡರು. ಆರು ಗಂಟೆಗೆ ಹೆಂಗಸರು ಬಂದು ಕೆಲಸ ಹಚ್ಚಿದರು. ಇವರಿಗೆ ಹೊರಬರಲೂ ಆಗದು, ಅಲ್ಲಿರಲೂ ಆಗದು. ಒಂದೂವರೆ ತಾಸು ಮುಳ್ಳಿನ ನಡುವೆ ಹೊಟ್ಟೆಯ ಮೇಲೆ ಮಲಗಿದ್ದರು. ಕೊನೆಗೆ ಒಬ್ಬಾಕೆ ಚೊಂಬು ಹಿಡಿದು ಅದೇ ಪೊದೆಯ ಹಿಂದೆ ಹೋದಳು. ಅವಳು ಕಿರುಚಿದ್ದು ರಸ್ತೆಗೆ ಕೇಳಿಸಿತು. ಹೆಂಗಸರೆಲ್ಲ ಏರಿ ಹತ್ತಿ ಸುತ್ತುಗಟ್ಟಿದರು. ಶಿವಬಸಮ್ಮ ಬಂದೂಕಿನ ಮೇಲೆ ಮಣ್ಣಿನ ಬುಟ್ಟಿ ಮಗುಚಿದಳು. ಝಾನ್ಸಿಯ ಸ್ಕೂಟಿ ಬರುವ ಹೊತ್ತಿಗೆ ಚಂದ್ರಕಾಂತ್ ಕೈಮುಗಿದು ಕೂತಿದ್ದ. ಜೀಪಿನಲ್ಲಿ ತಿರುಚಿದ ಕೊಂಬಿನ ಜೋಡಿಯೊಂದು ಗೋಣಿಯಲ್ಲಿ ಸುತ್ತಿಟ್ಟದ್ದು ಸಿಕ್ಕಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಬುಗ್ಗಮ್ಮ. ಸಾಕ್ಷಿ ಹೇಳಲು ನಾರಾಯಣಪೇಟೆಗೆ ಬರಬೇಕು ಎಂದು ಕಾಗದ ಬಂತು. ಮಾಗನೂರಿನಿಂದ ಮಕ್ತಲ, ಮಕ್ತಲದಿಂದ ನಾರಾಯಣಪೇಟೆ, ಬಸ್ಸಿನಲ್ಲಿ ನಿಂತೇ ಹೋದರೆ ಚಂದ್ರಕಾಂತನ ಕಡೆಯ ವಕೀಲರಿಗೆ ಜ್ವರ. ಇನ್ನೊಂದು ಸಲ ಅವರ ಮನೆಯಲ್ಲಿ ಮದುವೆ. ಮೂರನೆಯ ಸಲ ಯಾವುದೋ ಕಾಗದ ಮರೆತು ಬಂದಿದ್ದರಂತೆ. ಆಡುಗಳನ್ನು ಎಂಕಪ್ಪನ ಕೈಗೆ ಒಪ್ಪಿಸಿ ಹೋದ ದಿನವೆಲ್ಲ ಅವು ಭೀಮಯ್ಯನ ಹತ್ತಿಗೆ ಬಾಯಿ ಹಾಕಿರುತ್ತಿದ್ದವು, ಅವಳು ಬಂದ ಕೂಡಲೇ ಆ ಜಗಳ ಬೇರೆ.

ನಾಲ್ಕನೆಯ ಸಲ ಕಟಕಟೆ ಹತ್ತಿಸಿದರು. ಅದೇ ವಕೀಲರು ತೆಲುಗಿನಲ್ಲಿ ಕೇಳಿದರು, ಅವಳಿಗೆ ತೆಲುಗು ತಿಳಿಯುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲೇ ಬಂತು. ಚಿಗರಿ ಯಾವ ಕಾಯಿ ತಿನ್ನುತ್ತದೆಂದು ಓದುಬರಹ ಬಾರದ ಹೆಂಗಸಿಗೆ ಹೇಗೆ ಗೊತ್ತು ಎಂದು ಅವರು ನಕ್ಕರು.

ಬುಗ್ಗಮ್ಮ ಸೆರಗಿನ ಗಂಟು ಬಿಚ್ಚಿದಳು. ಎರಡು ಕಾಯಿ ತೆಗೆದು ಕಟಕಟೆಯ ಮೇಲಿಟ್ಟಳು. “ಇದನ್ನ ಅಗೀರಿ. ಆಮ್ಯಾಲ ಇದನ್ನ ಅಗೀರಿ. ಯಾವುದು ಬೇಕು ಅಂತ ನೀವ ಹೇಳ್ರಿ.”

ನ್ಯಾಯಾಧೀಶರು ತಡೆಯಲಿಲ್ಲ. ನಗುನಗುತ್ತ ಕರಿಜಾಲಿಯನ್ನೇ ಮೊದಲು ಬಾಯಿಗಿಟ್ಟ ವಕೀಲರು ಮುಖ ಹಿಂಡಿಕೊಂಡು ಕಿಟಕಿಯ ಕಡೆಗೆ ಓಡಿದರು. ಬಾಯಿ ತೊಳೆದುಕೊಂಡು ಬಂದವರ ದನಿ ಬದಲಾಗಿತ್ತು. ಬೆರಳು ತೋರಿಸಿ ಕೇಳಿದರು, “ಆ ಮರವನ್ನು ಇವರಿಗೆ ತೋರಿಸಿದವಳು ನೀನೇ ಅಲ್ಲವೇ? ಬೇಟೆಗೆ ನೀನೇ ದಾರಿ ಹೇಳಿದ್ದು ಅಲ್ಲವೇ?”

ಝಾನ್ಸಿ ಮುಂಚೆಯೇ ಎಚ್ಚರಿಸಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಎಂದು. ಬುಗ್ಗಮ್ಮನಿಗೆ ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ಉಳಿದಿರಲಿಲ್ಲ.

“ಹೌದ್ರೀ. ನಾನ ತೋರಿಸೀನಿ. ಬರಕೊಳ್ತೀನಿ ಅಂದ, ಹೇಳ್ಕೋತ ಹೋದೆ. ಆ ಚಿಗರಿ ಸತ್ತಿದ್ದು ನನ್ನ ಬಾಯಿಂದ. ಅದಕ್ಕ ಶಿಕ್ಷಾ ಐತಿ ಅಂದ್ರ ನನಗೂ ಹಾಕ್ರಿ. ಆದ್ರ ನಾ ತೋರಿಸಿದ್ದು ಮರಾರೀ. ಬಂದೂಕು ತಂದವ ಅವ.”

ನ್ಯಾಯಾಧೀಶರು ಬರೆದುಕೊಂಡು, “ಕೂತುಕೊಳ್ಳಮ್ಮಾ,” ಎಂದರು.

ಬೇಟೆಗಾರರಿಬ್ಬರಿಗೂ ಮೂರು ವರ್ಷದ ಸಜೆಯಾಯಿತು. ತೀರ್ಪಿನ ದಿನ ಬುಗ್ಗಮ್ಮನನ್ನು ಯಾರೂ ಕರೆದಿರಲಿಲ್ಲ, ಝಾನ್ಸಿ ಎರಡು ದಿನದ ಮೇಲೆ ಫೋನಿನಲ್ಲಿ ತಿಳಿಸಿದಳು. ಅವರು ಮೇಲಿನ ಕೋರ್ಟಿಗೆ ಹೋಗಿ ಜಾಮೀನು ತೆಗೆದುಕೊಂಡಿದ್ದಾರೆ ಎಂದೂ ಸೇರಿಸಿದಳು.

“ಅಂತೂ ಮುಗೀತಲ್ಲ,” ಎಂದ ಎಂಕಪ್ಪ, ಕಂಬಳಿಯ ಮೇಲೆ ಕಾಲು ಚಾಚುತ್ತ.

“ಎಲ್ಲಿ ಮುಗೀತು?” ಬುಗ್ಗಮ್ಮ ದೋಟಿಯನ್ನು ಗೋಡೆಗೆ ಒರಗಿಸಿದಳು. “ಮತ್ತ ಕರದ್ರ ಈ ಸಲ ಎಲ್ಲಿತನಕ ಹೋಗಬೇಕೋ ಏನೋ. ಮಲಗ್ತಿ ಯಾಕ, ಎದ್ದು ಕುಂದ್ರು. ಯಾವ ಮರ ಯಾವಾಗ ಉದುರ್ತದ ಅಂತ ಹೇಳ್ತೀನಿ, ಕೇಳು. ನಾ ಊರಾಗ ಇಲ್ಲದ ದಿನ ಬಯಲಿಗೆ ಕಾಯಿ ಹೊರೋದು ನೀನ.”