ಮಡಿಲಲ್ಲಿ ಕೂತ ಉಜ್ಜನಪ್ಪ

ಭದ್ರಾವತಿಯ ಜನ್ನಾಪುರದ ಮಹಾಂತಮ್ಮನವರಿಗೆ ಒಂಟಿ ಫೋಟೊ ಅಂದರೆ ಆಗುವುದಿಲ್ಲ. ಮದುವೆಯಾದಾಗಿನಿಂದ ಕ್ಯಾಮೆರಾ ಮುಂದೆ ಅವರು ಕೂತದ್ದೆಲ್ಲ ಗಂಡನ ಪಕ್ಕದಲ್ಲೇ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಉಜ್ಜನಪ್ಪ ಲಿಂಗೈಕ್ಯರಾದ ಮೇಲೂ ಆ ಪದ್ಧತಿ ತಪ್ಪಲಿಲ್ಲ. ನೆಂಟರ ಮದುವೆಗೆ ಹೊರಟರೂ ಚೀಲದಲ್ಲಿ ಕಟ್ಟು ಹಾಕಿಸಿದ ಗಂಡನ ಫೋಟೊ ಇರಲೇಬೇಕು. ಫೋಟೊಗೆ ಕರೆದರೆ ಅದನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡು ಕೂರುವರು. ಮಕ್ಕಳಿಲ್ಲದ ಮುದುಕಿಯ ಹಟಕ್ಕೆ ಅಡ್ಡ ಬರುವವರು ಯಾರು? ಹಿಂದಿನಿಂದ ನಗುವವರು ನಕ್ಕರು, ಅಷ್ಟೆ.

ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಬೇಕಲ್ಲ. ಈಗ ಅದಕ್ಕೂ ಮೊಬೈಲೇ. ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಸಾಕು. ಕಳೆದ ನವೆಂಬರಿನಲ್ಲಿ ಪಕ್ಕದ ಮನೆಯ ಪುಷ್ಪಾ ಮೊಬೈಲ್ ಹಿಡಿದು ಬಂದಳು. ಹಳೆಯ ಪಿಂಚಣಿ ಕಾಗದದಲ್ಲಿದ್ದ ಸಂಖ್ಯೆಯನ್ನೇ ಒತ್ತಿದಳು. ಅದು ಉಜ್ಜನಪ್ಪನವರದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮಹಾಂತಮ್ಮ ಅಭ್ಯಾಸಬಲದಿಂದ ಗಂಡನ ಫೋಟೊ ಮಡಿಲಲ್ಲಿಟ್ಟುಕೊಂಡು ಕೂತರು. ಹಸಿರು ಗುರುತು ಬಂದೇಬಿಟ್ಟಿತು.

"ಆಯ್ತಮ್ಮ, ಎಷ್ಟು ಬೇಗ ಆಯ್ತು ನೋಡಿ!"

"ನಾನಿನ್ನೂ ಕಣ್ಣೇ ಮಿಟುಕಿಸಿಲ್ವಲ್ಲ ಮಾರಾಯ್ತಿ," ಅಂದರು ಮಹಾಂತಮ್ಮ.

ಹೊಸ ವರ್ಷ ಹುಟ್ಟುತ್ತಲೇ, ಗಂಡ ಹೋದ ಮೇಲೆ ಮಹಾಂತಮ್ಮನವರಿಗೆ ಬರುತ್ತಿದ್ದ ಪಿಂಚಣಿ ನಿಂತಿತು. ಮನೆಯ ಅಕ್ಕಿ, ಬಿಪಿ ಮಾತ್ರೆ ಎಲ್ಲ ನಡೆಯುತ್ತಿದ್ದದ್ದು ಅದರಿಂದಲೇ. ಕೇಳಿದರೆ ಬ್ಯಾಂಕಿನವರು ಪಿಂಚಣಿ ಆಫೀಸಿಗೆ ಹೋಗಿ ಅಂದರು, ಆಫೀಸಿನವರು ಬ್ಯಾಂಕಿಗೆ ಹೋಗಿ ಅಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೊಂದು ದಿನ ಶಿವಮೊಗ್ಗದ ಆಫೀಸಿನ ಗುಮಾಸ್ತ ಕಂಪ್ಯೂಟರ್ ನೋಡಿ, "ಮಾಹಿತಿ ಪಿಂಚಣಿ ಖಾತೆಯ ಸದಸ್ಯರಿಗೆ ಮಾತ್ರ ಕೊಡೋದು. ನಿಮ್ಮ ಯಜಮಾನರನ್ನ ಕಳಿಸಿ," ಅಂದ.

"ಅವರು ಹೋಗಿ ಮೂರು ವರ್ಷ ಆಯ್ತಲ್ಲಪ್ಪ. ಆವಾಗಲೇ ಸರ್ಟಿಫಿಕೇಟ್ ಕೊಟ್ಟಿದ್ದೀನಿ."

"ಇಲ್ಲಿ ಇದ್ದಾರಲ್ಲಮ್ಮ. ನವೆಂಬರಲ್ಲಿ ಮುಖ ತೋರಿಸಿದ್ದಾರೆ. ಅವರು ಇರೋವಾಗ ನಿಮಗೆ ಹೆಂಗೆ ಬರುತ್ತೆ?"

ಬೇರೆ ಯಾರಾದರೂ ಆಗಿದ್ದರೆ ಅವನ ಮುಖಕ್ಕೆ ಉಗಿದು ಬರುತ್ತಿದ್ದರು. ಮಹಾಂತಮ್ಮ ಚೀಲ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದರು. ಭದ್ರಾವತಿಗೆ ವಾಪಸು ಬರುವಾಗ ಸರ್ಕಾರಿ ಬಸ್ಸಿನ ಕಂಡಕ್ಟರ್ ಅವರಿಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟು, ಪಕ್ಕದ ಸೀಟು ನೋಡಿ, "ಯಜಮಾನ್ರದ್ದು ದುಡ್ಡು ಕೊಡಿ," ಅಂದ. ಪಕ್ಕದಲ್ಲಿದ್ದದ್ದು ಫೋಟೊ ಇದ್ದ ಚೀಲ ಮಾತ್ರ. ಅದನ್ನು ಮುಟ್ಟಲು ಅವರಿಗೆ ಅಂದೇ ಮೊದಲ ಸಲ ಭಯವಾಯಿತು.

ಪುಷ್ಪಾ ಸುಮ್ಮನೆ ಕೂರಲಿಲ್ಲ. ತನ್ನ ಕೈಯಿಂದಲೇ ಆದ ಎಡವಟ್ಟು ಎಂಬ ಸಂಕಟ ಅವಳಿಗೆ. ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದು, "ಸದಸ್ಯರಿಗೆ ಮಾತ್ರ ಅನ್ನೋದು ಸುಳ್ಳಮ್ಮ. ಪಿಂಚಣಿ ತಗೊಳ್ಳೋ ಹೆಂಡತಿಗೂ ದಾಖಲೆ ಕೇಳೋ ಹಕ್ಕಿದೆ. ಬರೆದು ಕೊಡೋಣ, ಹೆಂಗೆ ತೋರಿಸಲ್ಲ ನೋಡ್ತೀನಿ," ಅಂದಳು. ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ. ಬರೆದು ಕೊಟ್ಟ ಮೇಲೆ ಇಬ್ಬರನ್ನೂ ಅಧಿಕಾರಿ ಶಾಮಲಾ ಒಳಗೆ ಕರೆದು, ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದರು.

ಅದರಲ್ಲಿ ಉಜ್ಜನಪ್ಪ ಇದ್ದರು. ಅದೇ ನರೆತ ಮೀಸೆ, ಅದೇ ವಿಭೂತಿ. ಕಣ್ಣು ಮಾತ್ರ ಮುಚ್ಚಿತ್ತು.

"ಕಣ್ಣು ಮಿಟುಕಿಸೋವಾಗಲೇ ಮೊಬೈಲ್ ಫೋಟೊ ತೆಗೆಯುತ್ತೆ," ಅಂದರು ಶಾಮಲಾ. "ಬರೀ ಫೋಟೊ ಹಿಡಿದರೆ ತಗೊಳ್ಳಲ್ಲವಲ್ಲ."

ಮಹಾಂತಮ್ಮ ಚೀಲದಿಂದ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಉಜ್ಜನಪ್ಪ ಎಂದಿನಂತೆ ಕಣ್ಣು ಬಿಟ್ಟುಕೊಂಡೇ ಇದ್ದರು. ಶಾಮಲಾ ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ, "ಸರ್ವರ್ ತೊಂದರೆ ಇರಬೇಕು," ಅಂದರು. ಸರ್ಕಾರಿ ಆಫೀಸಿನಲ್ಲಿ ದೆವ್ವಕ್ಕೂ ಅದೇ ಹೆಸರು.

"ಅವರದ್ದು ರದ್ದು ಮಾಡ್ತೀನಿ. ನಿಮ್ಮದು ಈಗಲೇ ಮಾಡೋಣ, ಈ ತಿಂಗಳೇ ಪಿಂಚಣಿ ಬರುತ್ತೆ. ಆ ಫೋಟೊ ಆಚೆ ಕಳಿಸಿ."

ಪುಷ್ಪಾ ಫೋಟೊ ಎತ್ತಿಕೊಂಡು ಹೊರಗೆ ಹೋದಳು. ಖಾಲಿ ಗೋಡೆಯ ಮುಂದೆ ಮಹಾಂತಮ್ಮ ಕುರ್ಚಿಯಲ್ಲಿ ಕೂತರು. ಖಾಲಿ ಮಡಿಲಲ್ಲಿ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಶಾಮಲಾ ಮೊಬೈಲ್ ಎತ್ತಿ ಹಿಡಿದರು.

"ಒಂದಕ್ಕಿಂತ ಹೆಚ್ಚು ಮುಖಗಳು ಕಾಣುತ್ತಿವೆ. ದಯವಿಟ್ಟು ಒಬ್ಬರೇ ಇರಿ," ಅಂದಿತು ಮೊಬೈಲ್.

ಶಾಮಲಾ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಮತ್ತೆ ಅದೇ ಮಾತು.

ಮಹಾಂತಮ್ಮನವರಿಗೆ ಭಯ ಎಲ್ಲಿ ಹೋಯಿತೋ. ಭಯವಿದ್ದ ಜಾಗಕ್ಕೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು. ಹಿಂದಕ್ಕೆ ತಿರುಗದೆ, ಮನೆಯಲ್ಲಿ ಊಟಕ್ಕೆ ಕರೆಯುವಾಗಿನ ದನಿಯಲ್ಲೇ ಹೇಳಿದರು:

"ಇಲ್ನೋಡ್ರಿ, ನೀವು ಇದ್ದೀರಿ ಅಂದ್ರೆ ನಾನು ಉಪವಾಸ ಸಾಯ್ಬೇಕು. ಇದೊಂದು ಸಲ ಆಚೆ ನಿಂತ್ಕೊಳ್ರಿ."

ಹೇಳಿ, ಕಣ್ಣು ಮುಚ್ಚಿ ತೆರೆದರು. ಹಸಿರು ಗುರುತು ಬಂತು.

ಶಾಮಲಾ ಮೊಬೈಲನ್ನು ಅವರ ಮುಂದೆ ಹಿಡಿದರು. ಅದರಲ್ಲಿ ಕಣ್ಣು ಮುಚ್ಚಿದ ಒಬ್ಬ ಮುದುಕಿ ಇದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಡನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಮಹಾಂತಮ್ಮ ಆ ಫೋಟೊ ನೋಡಿ ಗೊಳೋ ಎಂದು ಅತ್ತರು.